ನಾಟಕದ ಮೇಷ್ಟ್ರ ಪಾಠ: ಒಬ್ಬೊಬ್ಬರಿಗೆ ಒಂದೊಂದು ಶ್ರುತಿ

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಹೋಗುವ ರಸ್ತೆಯಲ್ಲಿ ಸಿಗುವ ಹೋಬಳಿ ಕೇಂದ್ರ ದೊಡ್ಡಬೆಳವಂಗಲ. ರಾಗಿ ಒಕ್ಕಣೆ ಮುಗಿದು ಸಂಕ್ರಾಂತಿ ಕಳೆಯಿತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದ ಮಾತು ಶುರುವಾಗುತ್ತದೆ. ಜಾತ್ರೆಗೆ ನಾಟಕ ಆಡಿಸಬೇಕೆಂದು ತೀರ್ಮಾನವಾದರೆ ಊರಿನವರು ಮೊದಲು ಗೊತ್ತುಮಾಡಿಕೊಳ್ಳುವುದು ಹಾರ್ಮೋನಿಯಂ ಮೇಷ್ಟ್ರನ್ನು. ಸೀನರಿ, ಮೈಕ್‌ಸೆಟ್ಟು, ಶಾಮಿಯಾನ ಎಲ್ಲ ಆಮೇಲೆ.

ಮೇಷ್ಟ್ರೆಂದರೆ ಬರೀ ಪೆಟ್ಟಿಗೆ ನುಡಿಸುವವರಲ್ಲ. ನಾಟಕದ ನಿರ್ದೇಶಕರು, ಸಂಗೀತದ ಗುರುಗಳು, ಮಾತು ಮರೆತವರಿಗೆ ನೆನಪು ಕೊಡುವವರು ಎಲ್ಲ ಅವರೇ. ಹಗಲೆಲ್ಲ ಹೊಲದಲ್ಲೋ ಮಗ್ಗದಲ್ಲೋ ಬಸ್ಸಿನ ಸ್ಟೇರಿಂಗಿನಲ್ಲೋ ದುಡಿದವರು ರಾತ್ರಿ ಊಟ ಮುಗಿಸಿ ತಾಲೀಮಿಗೆ ಬರುತ್ತಾರೆ. ಪಾತ್ರ ಪುಕ್ಕಟೆ ಸಿಗುವುದಿಲ್ಲ, ದುಡ್ಡು ಕಟ್ಟಿ ತೆಗೆದುಕೊಳ್ಳಬೇಕು. ಕೃಷ್ಣ, ದುರ್ಯೋಧನರಿಗೆ ಪದ್ಯ ಹೆಚ್ಚು, ರೇಟೂ ಹೆಚ್ಚು.

ಮೇಷ್ಟ್ರ ಕಸುಬಿನ ಗುಟ್ಟು ಇಲ್ಲೇ ಇದೆ. ಶಿಷ್ಯರನ್ನು ಆರಿಸಿಕೊಳ್ಳುವ ಅಧಿಕಾರ ಅವರಿಗಿಲ್ಲ. ದುಡ್ಡು ಕಟ್ಟಿದವನಿಗೆ ಕಂಠವಿದೆಯೋ ಇಲ್ಲವೋ, ತಾಳ ತಿಳಿದಿದೆಯೋ ಇಲ್ಲವೋ, ಜಾತ್ರೆಯ ರಾತ್ರಿ ಅವನು ಹಾಡಲೇಬೇಕು. ಹಾಗಾಗಿ ಪಾಠವೇ ಶಿಷ್ಯನ ಅಳತೆಗೆ ಬಗ್ಗಬೇಕಾಗುತ್ತದೆ.

ಮೊದಲ ಕೆಲಸ ಶ್ರುತಿ ಗೊತ್ತುಮಾಡುವುದು. ಪೆಟ್ಟಿಗೆಯ ಬಿಳಿ ಮನೆ ಒಂದು, ಅದರ ಪಕ್ಕದ ಕಪ್ಪು ಮನೆ ಒಂದೂವರೆ, ಮುಂದಿನ ಬಿಳಿ ಎರಡು ಎಂಬುದು ನಮ್ಮ ಕಡೆಯ ಲೆಕ್ಕ. ದುರ್ಯೋಧನನ ಪಾತ್ರಧಾರಿ ಮೇಲಿನ ಷಡ್ಜಕ್ಕೆ ಹೋಗುವಷ್ಟರಲ್ಲಿ ಕತ್ತಿನ ನರ ಉಬ್ಬಿಸಿಕೊಂಡು ಕೆಮ್ಮಿದರೆ, “ಇರ್ಲಿ ಬಿಡಣ್ಣ, ಒಂದ್ಮನೆ ಇಳಿಸ್ತೀನಿ” ಎಂದು ಮೇಷ್ಟ್ರ ಬೆರಳು ಎಡಕ್ಕೆ ಸರಿಯುತ್ತದೆ. ಇನ್ನೂ ಎಟುಕದಿದ್ದರೆ ಇನ್ನೊಂದು ಮನೆ. ಕೃಷ್ಣನಿಗೆ ಬೇರೆ ಶ್ರುತಿ, ಶಕುನಿಗೆ ಬೇರೆ. ಅಷ್ಟೂ ಮೇಷ್ಟ್ರಿಗೆ ಬಾಯಿಪಾಠ.

ಆಮೇಲಿನದು ಮಟ್ಟು. ಭೀಮ್‌ಪಲಾಸ್‌ನ ಆಲಾಪ ಒಬ್ಬನಿಗೆ ಒಲಿದರೆ ಬೆಳೆಸಲು ಬಿಡುತ್ತಾರೆ. ಉಸಿರು ಸಾಲದವನಿಗೆ ಅದೇ ಪದ್ಯವನ್ನು ತುಂಡು ಮಾಡಿ, ನಡುವಿನ ಖಾಲಿ ಜಾಗವನ್ನು ಪೆಟ್ಟಿಗೆಯಲ್ಲೇ ತುಂಬಿಬಿಡುತ್ತಾರೆ. ಓದು ಬಾರದವರಿಗೆ ಸಾಲು ಸಾಲಾಗಿ ಹೇಳಿಕೊಡುತ್ತಾರೆ. ತಾಳ ತಪ್ಪುವವನ ತೊಡೆಯ ಮೇಲೆ ತಾವೇ ತಟ್ಟುತ್ತಾರೆ. ನಾಟಕದ ರಾತ್ರಿ ಗಾಬರಿಗೆ ಯಾರಾದರೂ ಶ್ರುತಿ ಬಿಟ್ಟು ಎತ್ತಿಕೊಂಡರೆ, ಜನಕ್ಕೆ ಗೊತ್ತಾಗುವ ಮೊದಲೇ ಪೆಟ್ಟಿಗೆ ಅವನಿದ್ದ ಕಡೆಗೆ ಹೋಗಿರುತ್ತದೆ.

ಈ ಪೆಟ್ಟಿಗೆ ನಮ್ಮಲ್ಲಿ ಹುಟ್ಟಿದ್ದಲ್ಲ. 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡ್ರ ದೆಬೇನ್ ಇದನ್ನು ರೂಪಿಸಿದ. ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷರ ಕೊಡುಗೆ. ಗಮಕ ಹಿಡಿಯಲಾಗದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರವರೆಗೂ ಬಾಗಿಲು ತೆರೆಯಲಿಲ್ಲ. ನಾಟಕ ಕಂಪನಿಗಳು ಮಾತ್ರ ಕೈಬಿಡಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಂಥವು ರೂಢಿಸಿದ ರಂಗಸಂಗೀತವೇ ಹಳ್ಳಿಯ ಮೇಷ್ಟ್ರುಗಳ ಮೂಲಕ ಊರೂರಿಗೆ ಇಳಿದದ್ದು. ಕಾಲಿನಿಂದ ತಿದಿ ಒತ್ತಿ ಎರಡೂ ಕೈಯಲ್ಲಿ ನುಡಿಸುವ ಕಾಲು ಹಾರ್ಮೋನಿಯಂ ಈ ಪರಂಪರೆಯ ಗುರುತು. ಈಗೀಗ ಅದರ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡೂ ಬಂದು ಕೂತಿದೆ.

ಕರಿ ಬಿಳಿ ಮನೆಗಳ ಜೋಡಣೆಯಲ್ಲಿ ಪಿಯಾನೊ ಈ ಪೆಟ್ಟಿಗೆಯ ನೆಂಟನೇ. ಅದನ್ನೂ ಗುರುವಿನ ಪಕ್ಕ ಒಬ್ಬನೇ ಶಿಷ್ಯ ಕೂತು ಕಲಿಯುವುದೇ ರೂಢಿ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಅಭ್ಯಾಸ ಮಾಡಿ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಅರುಣಾ ಸುಂದರಲಾಲ್ 1987ರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಕಟ್ಟಿದರು. ನಗರದ ಮಕ್ಕಳು ಇಂದು ಟ್ರಿನಿಟಿ ಕಾಲೇಜಿನ ಪರೀಕ್ಷೆಗಳನ್ನು ಒಂದನೇ ಗ್ರೇಡಿನಿಂದ ಎಂಟನೆಯದರವರೆಗೆ ಹತ್ತುತ್ತಾರೆ. ಅಲ್ಲಿ ಮೆಟ್ಟಿಲು ಎಲ್ಲರಿಗೂ ಒಂದೇ. ನಾಟಕದ ಮೇಷ್ಟ್ರು ಮೆಟ್ಟಿಲಿನ ಎತ್ತರವನ್ನೇ ಕಾಲಿಗೆ ತಕ್ಕಂತೆ ಇಳಿಸುತ್ತಾರೆ.

ಹಾಗೆಂದು ಈ ಪದ್ಧತಿಯಲ್ಲಿ ಕೊರತೆ ಇಲ್ಲವೆಂದಲ್ಲ. ನಾಟಕ ಮುಗಿದರೆ ಪಾಠವೂ ಮುಗಿಯಿತು. ಇಪ್ಪತ್ತು ಪದ್ಯ ಹಾಡಿದವನಿಗೆ ಇಪ್ಪತ್ತೊಂದನೆಯದನ್ನು ತಾನೇ ಕೂಡಿಸಿಕೊಳ್ಳಲು ಬರುವುದಿಲ್ಲ. ಪೆಟ್ಟಿಗೆಯ ಮೇಲೆ ಬೆರಳಿಡುವ ಅವಕಾಶ ಸಿಗುವುದು ಮೇಷ್ಟ್ರ ಪಕ್ಕದಲ್ಲೇ ಅಂಟಿಕೊಂಡು ಕೂತ ಒಬ್ಬಿಬ್ಬರಿಗೆ. ಮುಂದಿನ ಮೇಷ್ಟ್ರುಗಳು ಬರಬೇಕಾದ್ದು ಅವರಿಂದಲೇ.

ಆ ಸಂಖ್ಯೆ ಹೆಚ್ಚಬೇಕಾದರೆ ದೊಡ್ಡ ಯೋಜನೆಯೇನೂ ಬೇಡ. ಹೋಬಳಿಯ ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ಒಂದು ಗಂಟೆ ಬಿಟ್ಟುಕೊಟ್ಟು, ಗೌರವಧನ ಕೊಟ್ಟು ಮೇಷ್ಟ್ರನ್ನು ಕೂರಿಸಿದರೆ ಸಾಕು. ಎಸ್‌ಡಿಎಂಸಿಗಳೂ ಪಂಚಾಯಿತಿಗಳೂ ಮನಸ್ಸು ಮಾಡಲಿ. ಪ್ರತಿ ಮಗುವಿನ ಶ್ರುತಿ ಯಾವುದೆಂದು ಕೇಳಿ ಕಲಿಸಬಲ್ಲ ಗುರು ಊರಿನಲ್ಲೇ ಇದ್ದಾರೆ.