ಸಂಶಯವೂ ಶರೀರವೂ

ಹೊಟ್ಟೆಯುರಿ, ತಲೆನೋವು, ನಿದ್ರಾಹೀನತೆಗಳ ಮೂಲವನ್ನು ಆಹಾರದಲ್ಲಿ ಮಾತ್ರ ಹುಡುಕುವುದು ರೂಢಿ. ಪತಿಪತ್ನಿಯರ ನಡುವಣ ಸಂಶಯವೂ ಕಾರಣವಾಗಿರಬಹುದೆಂಬುದು ಥಟ್ಟನೆ ಹೊಳೆಯದು. ಸಂಶಯಗ್ರಸ್ತ ಮನಸ್ಸು ಶರೀರವನ್ನು ಸದಾ ಕಾವಲಿಗೆ ನಿಲ್ಲಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಸ್ರಾವಗಳು ಹೆಚ್ಚಿ ರಕ್ತದೊತ್ತಡ ಏರುತ್ತದೆ, ನಿದ್ರೆ ಕೆಡುತ್ತದೆ.

ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 42 ದಂಪತಿಗಳ ತೋಳಿನ ಮೇಲೆ ಸಣ್ಣ ಬೊಕ್ಕೆಗಳನ್ನೆಬ್ಬಿಸಿ ಪರೀಕ್ಷಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರಸ್ಪರ ಹಗೆ ಕಾರುವವರ ಗಾಯ ಮಾಯುವ ವೇಗ ಉಳಿದವರದರ ಶೇಕಡಾ 60ರಷ್ಟು ಮಾತ್ರ! ಅಲ್ಲಿ ಅಳೆದದ್ದು ಹಗೆತನವನ್ನು, ನಿಜ. ಆದರೆ ಸಂಶಯವೇ ಅನೇಕ ವೇಳೆ ಅದರ ಬೀಜ.

ಸೂರ್ಯಾಸ್ತದೊಳಗೆ ಕೋಪವನ್ನು ತೀರಿಸಿಕೊಳ್ಳಬೇಕೆಂದು ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಬುದ್ಧಿ ಹೇಳುತ್ತಾನೆ. ಕ್ರೈಸ್ತ ಮನೆಗಳಲ್ಲಿ ಇದು ಪರಿಚಿತವೇ. ವರ್ತಕ ನಗರದಲ್ಲಾದರೋ ಸೂರ್ಯ ಮುಳುಗುವಾಗ ಮನೆಯ ಯಜಮಾನರು ಇನ್ನೂ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿರುತ್ತಾರೆ. ಊರಿಗೆ ಕಳುಹಿಸಿದ ಹಣದ ಮಾತು ಭಾನುವಾರಕ್ಕೆ ಮುಂದೆ ಹೋಗುತ್ತದೆ, ಆ ಭಾನುವಾರ ಬಂಧುಗಳು ಬರುತ್ತಾರೆ. ರಾತ್ರಿಯ ಊಟದ ತರುವಾಯ ಹತ್ತು ನಿಮಿಷ ಲೆಕ್ಕವನ್ನು ಮುಂದಿಟ್ಟು ಮಾತನಾಡಿದರೂ ಪೌಲನ ಆಶಯ ನಡೆದಂತೆಯೇ. ಕ್ಷಮೆಯೆಂದರೆ ಹೊಡೆತ, ವಂಚನೆಗಳನ್ನು ನುಂಗಿಕೊಂಡಿರುವುದಲ್ಲ. ಎದೆನೋವು ಬಂದಾಗ ಮಾತ್ರ, ಮನಸ್ಸಿನ ಬೇನೆಯೆಂದು ತಳ್ಳಿಹಾಕದೆ, ಕೂಡಲೇ ವೈದ್ಯರನ್ನು ಕಾಣತಕ್ಕದ್ದು.