ಉಮೇದುವಾರರ ಲೆಕ್ಕ: ಮೊಬೈಲ್‌ನಲ್ಲಿ ನೋಡಿ, ವಹಿಯಲ್ಲಿ ಬರೀರಿ

ಕರಜಗಿ (ತಾ. ಅಕ್ಕಲಕೋಟ): ಚುನಾವಣೆ ಬಂತೆಂದರೆ ಉಮೇದುವಾರರ ಜಾತಕ ಈಗ ಮೊಬೈಲ್‌ನಲ್ಲೇ ಸಿಗುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟ್, ಎಡಿಆರ್ ಸಂಸ್ಥೆಯ ‘ಮೈನೇತಾ’, ಎಲ್ಲೇ ಹುಡುಕಿದರೂ ಪ್ರಮಾಣಪತ್ರ ಹಾಜರು. ಎಡಿಆರ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರ ಮೇ 2ರಂದು ಕೊಟ್ಟ ತೀರ್ಪಿನ ಫಲವಿದು.

ಆದರೆ ನೋಡಿದ್ದು ತಲೆಯಾಗ ನಿಲ್ಲತೈತಾ? ನಾಲ್ಕು ಮಂದಿಯ ಪ್ರಮಾಣಪತ್ರ ಬೆರಳಿನಿಂದ ಸರಿಸುತ್ತ ಹೋದರೆ ಯಾರದು ಎಷ್ಟು ಎಂಬುದೇ ಕಲಸುಮೇಲೋಗರ. ಕಡೀಗೆ ಉಳಿಯೋದು ‘ಅವಂದು ಭಾಳ ಐತಿ’ ಅನ್ನೋ ಮಾತೊಂದೇ. ಸ್ಕ್ರೀನ್‌ಶಾಟ್ ತೆಗೆದಿಟ್ಟರೂ ಮತ್ತೆ ತೆರೆದು ನೋಡುವವರು ಕಮ್ಮಿ.

ಅಕ್ಕಲಕೋಟ ವಿಧಾನಸಭಾ ಕ್ಷೇತ್ರದಲ್ಲಿ 2019 ಮತ್ತು 2024, ಎರಡೂ ಸಲ ಬಿಜೆಪಿಯಿಂದ ಸಚಿನ್ ಕಲ್ಯಾಣಶೆಟ್ಟಿ, ಕಾಂಗ್ರೆಸ್‌ನಿಂದ ಸಿದ್ಧಾರಾಮ ಮ್ಹೇತ್ರೆ ಎದುರಾಳಿಗಳು. ಹೆಸರು ಎರಡೇ, ಪ್ರಮಾಣಪತ್ರ ನಾಲ್ಕು. ಐದು ವರ್ಷದಲ್ಲಿ ಆಸ್ತಿ ಎಷ್ಟಾಯ್ತು, ಸಾಲ ಎಷ್ಟಾಯ್ತು ಎಂದು ತಿಳಿಯಬೇಕಾದರೆ ನಾಲ್ಕರ ಅಂಕಿಯೂ ಒಂದೇ ಹಾಳೆಗೆ ಬರಬೇಕು. ಆಸ್ತಿ ಬರೆದು ಸಾಲ ಬಿಟ್ಟರೆ ಅದು ಲೆಕ್ಕವೇ ಅಲ್ಲ. ಸ್ವಂತ ಗಳಿಕೆ ಬೇರೆ, ಪಿತ್ರಾರ್ಜಿತ ಬೇರೆ ಎಂದು ಪ್ರಮಾಣಪತ್ರದಲ್ಲೇ ವಿಂಗಡಣೆ ಇರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕು ಭಾಷೆಯದು. ಮರಾಠಿ ಪ್ರಮಾಣಪತ್ರದಲ್ಲಿ ‘ಜಂಗಮ ಮಾಲಮತ್ತಾ’ ಅಂತ ಓದಿದ ಕನ್ನಡ ಶಾಲೆಯವರಿಗೆ ಮಠದ ಅಯ್ಯನವರೇ ನೆನಪಾಗಬೇಕು! ಅದು ಬರೇ ಚರಾಸ್ತಿ. ‘ಪ್ರಲಂಬಿತ’ ಅಂದರೆ ಇನ್ನೂ ನಡೆದಿರುವ ಪ್ರಕರಣ, ‘ದೋಷಸಿದ್ಧಿ’ ಅಂದರೆ ಶಿಕ್ಷೆಯ ತೀರ್ಪಾದದ್ದು. ಇವೆರಡನ್ನು ಒಂದೇ ಗಂಟು ಕಟ್ಟಿದರೆ ಒಬ್ಬ ಮನುಷ್ಯನ ಮೇಲೆ ಅನ್ಯಾಯ. ಕನ್ನಡದಲ್ಲಿ ಬರೆದುಕೊಳ್ಳಬೇಕೆಂದರೆ ಮೊದಲು ಅರ್ಥ ಹುಡುಕಲೇಬೇಕು. ಲಾಭ ಇರೋದೂ ಅಲ್ಲೇ.

ಅಮೆರಿಕದ ಮುಲ್ಲರ್ ಮತ್ತು ಒಪನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದವರು ಕೇಳಿದ್ದನ್ನೇ ಇದ್ದಕ್ಕಿದ್ದಂತೆ ಇಳಿಸಿದ್ದರು. ಕೈಯಲ್ಲಿ ಬರೆದವರು ವಿಷಯ ಹೆಚ್ಚು ತಿಳಿದುಕೊಂಡಿದ್ದರು. ಮುಂದೆ ಬೇರೆಯವರು ಪರೀಕ್ಷಿಸಿದಾಗ ಅಷ್ಟು ಅಂತರ ಕಾಣಲಿಲ್ಲ. ಪೆನ್ನೋ ಮೊಬೈಲೋ, ಸ್ವಂತ ಮಾತಿನಲ್ಲಿ ಬರೆಯೋದು ಮುಖ್ಯ ಅನ್ನಬಹುದು.

ಉಮೇದುವಾರರ ಹೆಸರಿನ ಜೊತೆ ತಂದೆಯ ಹೆಸರೂ ಇರಲಿ. ಒಂದೇ ಹೆಸರಿನವರು ಇಬ್ಬರು ನಿಲ್ಲೋದು ಹೊಸದಲ್ಲ. ಪುಟದ ನಂಬರ್ ಬರೆದಿದ್ದರೆ ವಾಟ್ಸ್ಯಾಪ್‌ನಲ್ಲಿ ಬಂದ ಅಂಕಿಯನ್ನು ಕೂಡಲೇ ತಾಳೆ ನೋಡಬಹುದು.

2024ರಲ್ಲಿ ನಾಮಪತ್ರ ಹಿಂತೆಗೆತಕ್ಕೆ ನವೆಂಬರ್ 4 ಕಡೇ ದಿನ, ಮತದಾನ 20ಕ್ಕೆ. ನಡುವೆ ಸಿಕ್ಕದ್ದು 16 ದಿನ. ಸುಪ್ರೀಂ ಕೋರ್ಟ್‌ನ 2018ರ ತೀರ್ಪಿನ ಪ್ರಕಾರ ಪ್ರಕರಣ ಇದ್ದವರು ಈ ಅವಧಿಯಲ್ಲೇ ಪತ್ರಿಕೆಗಳಲ್ಲಿ ಮೂರು ಸಲ ಜಾಹೀರಾತು ಕೊಡಬೇಕು. ಆ ತುಣುಕನ್ನೂ ಕತ್ತರಿಸಿ ಅದೇ ವಹಿಗೆ ಅಂಟಿಸಿಟ್ಟುಕೊಳ್ಳಬಹುದು.