ರೆಕ್ಕೆಯ ಮೇಲಿನ ನಡಿಗೆಯೂ ನೆಲದ ಮೇಲಿನ ವಿಚಾರಣೆಯೂ

೨೦೧೫ರಲ್ಲಿ ಯಲಹಂಕದ ವಿಮಾನಪ್ರದರ್ಶನಕ್ಕೆ ಹೋಗಿದ್ದ ವಾಚಕರು ಆ ನೋಟವನ್ನು ಮರೆತಿರಲಾರರು. ಮೇಲೊಂದು ಕೆಳಗೊಂದು ರೆಕ್ಕೆಯುಳ್ಳ ಹಳೆಯ ಮಾದರಿಯ ಸ್ಟಿಯರ್ಮನ್ ವಿಮಾನ. ಮೇಲಣ ರೆಕ್ಕೆಯ ನಡುಮಧ್ಯದಲ್ಲಿ ನಿಂತ ತರುಣಿ. ಅಷ್ಟು ಗಾಳಿಯಲ್ಲಿಯೂ ಆಕೆ ನಗುತ್ತ ಕೈಬೀಸುತ್ತಿರುವಳು. ಇಂತಹದನ್ನು ಕಂಡ ಮಕ್ಕಳು ಮೊದಲು ಕೇಳುವ ಪ್ರಶ್ನೆಯು “ಆಕೆ ಬೀಳುವುದಿಲ್ಲವೆ?” ಎಂಬುದು. ಬೀಳುವುದಿಲ್ಲ, ರೆಕ್ಕೆಯ ಮೇಲೆ ನೆಟ್ಟ ಕಂಬಕ್ಕೆ ಆಕೆಯನ್ನು ಬಲವಾದ ಪಟ್ಟಿಗಳಿಂದ ಬಿಗಿದಿರುವರು. ಹಾಗಾದರೆ ಅಪಾಯವೇ ಇಲ್ಲವೆ? ಇದೆ, ಆದರೆ ನೋಡುವವರ ಕಣ್ಣು ಅದನ್ನು ಹುಡುಕುವ ಕಡೆಯಲ್ಲಿಲ್ಲ. ಅದು ಎಲ್ಲಿ ಅಡಗಿದೆಯೆಂದು ತೋರಿಸಿಕೊಟ್ಟವರು, ಅಪಘಾತ ನಡೆದ ಮೇಲೆ ಮುರಿದ ತುಂಡುಗಳನ್ನು ಹೆಕ್ಕಿ ವಿಚಾರಿಸುವ ತನಿಖೆಯವರು.

ಮೊದಮೊದಲು ಪಟ್ಟಿಯೂ ಇರಲಿಲ್ಲ, ಕಂಬವೂ ಇರಲಿಲ್ಲ. ೧೯೧೮ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಸೈನಿಕ ವಿಮಾನನೆಲೆಯಲ್ಲಿದ್ದ ಓರ್ಮರ್ ಲಾಕ್ಲಿಯರ್ ಎಂಬಾತನು ಹಾರುತ್ತಿರುವಾಗಲೇ ತನ್ನ ಗೂಡಿನಿಂದೆದ್ದು ರೆಕ್ಕೆಯ ಮೇಲೆ ಓಡಾಡತೊಡಗಿದನು. ಆ ಕಾಲದ ‘ಜೆನ್ನಿ’ ವಿಮಾನಗಳಿಗೆ ರೆಕ್ಕೆಗಳ ನಡುವೆ ಕಂಬಗಳೂ ಬಿಗಿತಂತಿಗಳೂ ಹೇರಳವಾಗಿದ್ದುದರಿಂದ ಹಿಡಿಯಲು ಆಧಾರಕ್ಕೆ ಕೊರತೆಯಿರಲಿಲ್ಲ. ಯುದ್ಧಾನಂತರ ಆತನು ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಿ ಜನರನ್ನು ಬೆರಗುಗೊಳಿಸಿದನು. ಆದರೂ ಆತನು ಸತ್ತುದು ರೆಕ್ಕೆಯಿಂದ ಜಾರಿಯಲ್ಲ. ೧೯೨೦ರ ಆಗಸ್ಟ್ ೨ರ ರಾತ್ರಿ ಚಲಚ್ಚಿತ್ರವೊಂದಕ್ಕಾಗಿ ವಿಮಾನವನ್ನು ಕೆಳಮುಖವಾಗಿ ಧುಮುಕಿಸಿದಾಗ ನೆಲಕ್ಕೆ ಬಡಿದು ಜೊತೆಗಾರನೊಡನೆ ಮಡಿದನು. ಮೇಲೇಳಬೇಕಾದ ಹೊತ್ತನ್ನು ಸೂಚಿಸಲು ದೀಪಗಳನ್ನು ಆರಿಸತಕ್ಕದ್ದೆಂದು ಮಾತಾಗಿತ್ತಂತೆ. ದೀಪಗಳು ಆರಲಿಲ್ಲ, ಕಣ್ಣು ಕುಕ್ಕಿತು ಎಂದು ಹೇಳುವರು.

ಬೆಸ್ಸಿ ಕೋಲ್ಮನ್ನಳ ಕಥೆ ಇದಕ್ಕಿಂತ ಮರುಕ ಹುಟ್ಟಿಸುವಂತಹದು. ಕಪ್ಪು ಬಣ್ಣದ ಹೆಣ್ಣೆಂದು ಅಮೆರಿಕದ ವಿಮಾನಶಾಲೆಗಳು ಸೇರಿಸಿಕೊಳ್ಳದಿರಲು ಆಕೆ ಫ್ರೆಂಚ್ ಭಾಷೆ ಕಲಿತು, ಫ್ರಾನ್ಸಿಗೆ ಹೋಗಿ, ೧೯೨೧ರಲ್ಲಿ ಹಾರಾಟದ ಪರವಾನಗಿಯನ್ನು ಪಡೆದು ಬಂದಳು. ೧೯೨೬ರ ಏಪ್ರಿಲ್ ೩೦ರಂದು ಜ್ಯಾಕ್ಸನ್‌ವಿಲ್ಲಿನಲ್ಲಿ, ಮರುದಿನದ ಪ್ರದರ್ಶನಕ್ಕಾಗಿ ನೆಲವನ್ನು ಬಗ್ಗಿ ನೋಡಬೇಕೆಂದು ಆಕೆ ಪಟ್ಟಿಯನ್ನು ಕಟ್ಟಿಕೊಂಡಿರಲಿಲ್ಲ. ವಿಮಾನವನ್ನು ನಡೆಸುತ್ತಿದ್ದವನು ಆಕೆಯ ಮೆಕ್ಯಾನಿಕ್. ವಿಮಾನವು ಹಠಾತ್ತನೆ ಮುಗ್ಗರಿಸಿ ತಿರುಗಿತು, ಆಕೆ ಹೊರಗೆಸೆಯಲ್ಪಟ್ಟು ಮಡಿದಳು, ಆತನೂ ಉಳಿಯಲಿಲ್ಲ. ಆಮೇಲೆ ನೋಡಿದರೆ, ಒಂದು ಸ್ಪ್ಯಾನರು ಚಾಲನೆಯ ಸಾಧನಗಳಲ್ಲಿ ಸಿಕ್ಕಿಕೊಂಡಿತ್ತು. ಎತ್ತಿಡಲು ಮರೆತ ಒಂದು ಸ್ಪ್ಯಾನರು! ಸಾಹಸವೆಂಬುದು ಎಷ್ಟೇ ದೊಡ್ಡದಾಗಲಿ, ಸಾವು ಇಷ್ಟು ಚಿಕ್ಕ ಸಂದಿಯಿಂದ ನುಗ್ಗುವುದು.

ಪಟ್ಟಿ ಬಂದ ಮೇಲೆ ಬೀಳುವ ಭಯ ಬಹಳ ಮಟ್ಟಿಗೆ ತಪ್ಪಿತು. ಇಂಜಿನು ಕೈಕೊಡುವ ಭಯ ತಪ್ಪಲಿಲ್ಲ. ೨೦೧೧ರ ಮಾರ್ಚಿನಲ್ಲಿ ಟೆಕ್ಸಸ್ಸಿನ ಬ್ರೌನ್ಸ್‌ವಿಲ್ಲಿನಲ್ಲಿ ಪತಿಯು ವಿಮಾನ ನಡೆಸುತ್ತಿರಲು ಪತ್ನಿಯು ರೆಕ್ಕೆಯ ಮೇಲಿದ್ದಾಗ ಇಂಜಿನಿನ ಶಕ್ತಿ ಕುಂದಿತು. ಎತ್ತರವು ಸ್ವಲ್ಪವೇ. ಆಕೆ ಹೇಗೋ ಮುಂದಣ ಗೂಡನ್ನು ಸೇರಿಕೊಂಡಳು. ವಿಮಾನವು ನೆಲಕ್ಕೆ ಬಿದ್ದು ಉರಿಯಿತು. ಪತಿ ಬದುಕಿದನು, ಆಕೆ ಎರಡು ತಿಂಗಳಿಗೂ ಹೆಚ್ಚು ಕಾಲ ನರಳಿ ಮೇ ತಿಂಗಳಲ್ಲಿ ತೀರಿಕೊಂಡಳು. ೨೦೨೧ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪೂಲ್ ಬಂದರಿನಲ್ಲಿಯೂ ಇಂತಹುದೇ ವಿಮಾನವೊಂದು ಪ್ರದರ್ಶನದ ದಿನ ನೀರಿಗಿಳಿಯಬೇಕಾಯಿತು. ಇಬ್ಬರೂ ಅಲ್ಪಸ್ವಲ್ಪ ಗಾಯಗಳಿಂದ ಪಾರಾದರು.

ಇನ್ನು ಲಾಗ ಹಾಕುವ ವಿಮಾನಗಳ ವಿಷಯ. ನೀರು ತುಂಬಿದ ತಂಬಿಗೆಗೆ ಹಗ್ಗ ಕಟ್ಟಿ ಗಿರ್ರನೆ ತಿರುಗಿಸಿದರೆ ನೀರು ಚೆಲ್ಲುವುದಿಲ್ಲವಷ್ಟೆ. ವಿಮಾನದ ಲಾಗವೂ ಹೊರನೋಟಕ್ಕೆ ಅದರಂತೆಯೇ. ಆದರೆ ವಿಮಾನಕ್ಕೆ ಹಗ್ಗವಿಲ್ಲ. ಹತ್ತುವಾಗ ವೇಗವನ್ನು ವ್ಯಯಮಾಡಿ ಎತ್ತರವನ್ನು ಕೊಳ್ಳಬೇಕು. ಇಳಿಯುವಾಗ ಆ ಎತ್ತರವನ್ನೇ ಕೊಟ್ಟು ತಿರುಗಿ ಮೇಲೇಳಬೇಕು. ಮೊದಲು ಕೈಯಲ್ಲಿದ್ದ ವೇಗ ಕಡಮೆಯಾದರೆ ತುದಿಯಲ್ಲಿ ಎತ್ತರ ಸಾಲದು. ಎತ್ತರ ಸಾಲದಿದ್ದರೆ ಸುತ್ತು ಪೂರೈಸುವ ಮುನ್ನ ನೆಲ ಎದುರಾಗುವುದು. ಆದುದರಿಂದಲೇ ಇಷ್ಟು ವೇಗವಿಲ್ಲದೆ ಏರಕೂಡದು, ತುದಿಯಲ್ಲಿ ಇಷ್ಟು ಎತ್ತರವಿಲ್ಲದೆ ಮಗುಚಿ ಇಳಿಯಕೂಡದು ಎಂದು ವೈಮಾನಿಕರು ಹೊರಡುವ ಮೊದಲೇ ಅಂಕೆಗಳನ್ನು ಗೊತ್ತುಮಾಡಿಕೊಳ್ಳುವರು.

ನೋಡುವವರ ರಕ್ಷಣೆಗೂ ಅಂಕೆಗಳುಂಟು. ೧೯೫೨ರ ಸೆಪ್ಟೆಂಬರ್ ೬ರಂದು ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಜೆಟ್ ವಿಮಾನವೊಂದು ಆಕಾಶದಲ್ಲಿಯೇ ಒಡೆದು, ಅದರ ಭಾಗಗಳು ಜನರ ಮೇಲೆ ಬಿದ್ದು ೨೯ ಮಂದಿ ಪ್ರೇಕ್ಷಕರೂ ಇಬ್ಬರು ವೈಮಾನಿಕರೂ ಸತ್ತರು. ಆಮೇಲೆ ಜೆಟ್ ವಿಮಾನಗಳು ನೇರವಾಗಿ ಹಾರುವಾಗ ಜನರಿಂದ ೨೩೦ ಮೀಟರು, ಕಸರತ್ತು ಮಾಡುವಾಗ ೪೫೦ ಮೀಟರು ದೂರವಿರಬೇಕೆಂದು ಕಟ್ಟುಮಾಡಿದರು. ಆದರೆ ಈ ಅಳತೆಯು ಬೇಲಿಯೊಳಗೆ ಕುಳಿತವರನ್ನು ಎಣಿಸಿತು. ಬೇಲಿಯ ಹೊರಗಿನವರ ಗತಿಯೇನು? ೨೦೧೯ರ ಫೆಬ್ರವರಿ ೧೯ರಂದು ಯಲಹಂಕದಲ್ಲಿ ತಾಲೀಮಿನ ವೇಳೆ, ಬೀದರಿನಲ್ಲಿ ನೆಲೆಯುಳ್ಳ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿ ಹೊಡೆದು ಒಬ್ಬ ವೈಮಾನಿಕನು ಅಸು ನೀಗಿದಾಗ, ಅವು ಬಿದ್ದುದು ಜನವಸತಿಯ ಸಮೀಪದಲ್ಲಿಯೇ.

ಇಂಗ್ಲೆಂಡಿನ ಶೋರ್‌ಹ್ಯಾಮಿನಲ್ಲಿ ೨೦೧೫ರ ಆಗಸ್ಟ್ ೨೨ರಂದು ನಡೆದುದು ಇದೇ ಭಯದ ಪೂರ್ಣರೂಪ. ಹಾಕರ್ ಹಂಟರ್ ಎಂಬ ಹಳೆಯ ಯುದ್ಧವಿಮಾನವು ಲಾಗವನ್ನು ಮುಗಿಸಲಾರದೆ ಪಕ್ಕದ ಹೆದ್ದಾರಿಗೆ ಅಪ್ಪಳಿಸಿತು. ಹನ್ನೊಂದು ಮಂದಿ ಸತ್ತರು. ಎಲ್ಲರೂ ಪ್ರದರ್ಶನದ ಮೈದಾನದ ಹೊರಗಿನವರು. ಕೆಲವರು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಿದ್ದರು. ಕೆಲವರಂತೂ ತಮ್ಮ ಪಾಡಿಗೆ ತಾವು ಎಲ್ಲಿಗೋ ಹೋಗುತ್ತಿದ್ದವರು. ವೈಮಾನಿಕನು ತೀವ್ರವಾಗಿ ಗಾಯಗೊಂಡು ಉಳಿದುಕೊಂಡನು.

ತನಿಖೆಯವರ ವರದಿ ೨೦೧೭ರ ಮಾರ್ಚಿನಲ್ಲಿ ಹೊರಬಂದಿತು. ಗೂಡಿನೊಳಗಿದ್ದ ಕ್ಯಾಮೆರಾದ ಚಿತ್ರಗಳನ್ನೂ ನೆಲದಿಂದ ಜನರು ತೆಗೆದ ಚಿತ್ರಗಳನ್ನೂ ಕೂಡಿಸಿ, ಅಂತಹುದೇ ವಿಮಾನವನ್ನು ಹಾರಿಸಿ ಪರೀಕ್ಷಿಸಿ ಅವರು ಲೆಕ್ಕವನ್ನು ಬಿಡಿಸಿದರು. ಏರುವಾಗ ೩೫೦ ನಾಟ್ ವೇಗವಿರಬೇಕಾಗಿತ್ತು. ಇದ್ದುದು ಸುಮಾರು ೩೧೦. ತುದಿಯಲ್ಲಿ ೩,೫೦೦ ಅಡಿಯಾದರೂ ಎತ್ತರವಿರಬೇಕಾಗಿತ್ತು; ಇದ್ದುದು ಸುಮಾರು ೨,೭೦೦. ಇಂಜಿನಿನ ಪೂರ್ಣ ಶಕ್ತಿಯನ್ನೂ ಬಳಸಿರಲಿಲ್ಲ. ತುದಿಯನ್ನು ಮುಟ್ಟಿದ ನಾಲ್ಕು ಸೆಕೆಂಡುಗಳವರೆಗೂ ಸುತ್ತನ್ನು ಬಿಟ್ಟು ತಪ್ಪಿಸಿಕೊಳ್ಳಲು ಅವಕಾಶವಿತ್ತು. ಚಾಲಕನಿಗೆ ಬೇರೊಂದು ಜಾತಿಯ ವಿಮಾನದ ಅಂಕೆಗಳು ನೆನಪಿಗೆ ಬಂದಿದ್ದಿರಬಹುದೆಂಬ ಸಂಭವವನ್ನೂ ವರದಿಯು ಎತ್ತಿತು. ಎರಡು ಮನೆಯ ಅಡುಗೆ ಮಾಡುವಾಕೆ ಒಂದು ಮನೆಯ ಉಪ್ಪಿನ ಅಳತೆಯನ್ನು ಇನ್ನೊಂದು ಮನೆಯ ಪಾತ್ರೆಗೆ ಹಾಕಿದಂತೆ!

ಇಷ್ಟೆಲ್ಲ ತಿಳಿದ ಮೇಲೆ ತಪ್ಪಿತಸ್ಥನನ್ನು ಹೆಸರಿಸಬಾರದೇಕೆ ಎಂದು ವಾಚಕರು ಕೇಳಬಹುದು. ಅಂತರರಾಷ್ಟ್ರೀಯ ವಿಮಾನಯಾನದ ಹದಿಮೂರನೆಯ ಅನುಬಂಧವು, ತನಿಖೆಯ ಉದ್ದೇಶ ಮುಂದಣ ಅಪಘಾತವನ್ನು ತಡೆಯುವುದೇ ಹೊರತು ದೋಷವನ್ನು ಹಂಚುವುದಲ್ಲವೆಂದು ಹೇಳುವುದು. ಪೋಲೀಸರು ತನಿಖೆಯವರ ಬಳಿಯಿದ್ದ ಸಾಮಗ್ರಿಯನ್ನು ಕೇಳಿದಾಗ ಲಂಡನ್ನಿನ ಹೈಕೋರ್ಟು ೨೦೧೬ರಲ್ಲಿ ಗೂಡಿನ ಚಿತ್ರಗಳನ್ನು ಕೊಡಿಸಿತು; ವೈಮಾನಿಕನು ತನಿಖೆಯವರಿಗೆ ಹೇಳಿದ ಮಾತುಗಳನ್ನು ಕೊಡಿಸಲಿಲ್ಲ. ಮಗನನ್ನೋ ಗಂಡನನ್ನೋ ಕಳೆದುಕೊಂಡವರಿಗೆ ಇದು ಎಷ್ಟು ಕಹಿಯೆಂಬುದನ್ನು ನಾವು ಬಲ್ಲೆವು. ಆದರೂ ನ್ಯಾಯಾಲಯವು ಮಾಡಿದುದು ಸರಿಯೆಂದೇ ನಮ್ಮ ಅಭಿಪ್ರಾಯ: ಬಾಯಿ ಬಿಟ್ಟರೆ ಸೆರೆಮನೆಯೆಂದಾದರೆ ಬದುಕಿ ಉಳಿದ ಯಾವ ವೈಮಾನಿಕನೂ ತಾನು ಕಂಡುದನ್ನು ಕಂಡಂತೆ ಹೇಳಲಾರನು.

೨೦೧೯ರ ಮಾರ್ಚಿನಲ್ಲಿ ಜೂರಿಯು ಆ ವೈಮಾನಿಕನನ್ನು ನಿರ್ದೋಷಿಯೆಂದು ಬಿಟ್ಟಿತು. ೨೦೨೨ರ ಡಿಸೆಂಬರಿನಲ್ಲಿ ಮರಣವಿಚಾರಣೆಯ ಅಧಿಕಾರಿಯು ಆ ಹನ್ನೊಂದು ಮಂದಿಯ ಸಾವು ನ್ಯಾಯವಿರುದ್ಧವಾದ ವಧೆಯೆಂದು ನಿರ್ಣಯಿಸಿದರು. ಸತ್ತವರ ಮನೆಯವರು ಆ ಒಂದು ಮಾತನ್ನು ಕೇಳಲು ಏಳು ವರ್ಷಗಳಿಗೂ ಹೆಚ್ಚು ಕಾಲ ಕಾದಿದ್ದರು.